ಸೈಲೆನ್ಸರ್ ಪಕ್ಕದ ವೈರು

ವಿಜಯವಾಡದ ಆಟೋನಗರದಲ್ಲಾಗಲಿ ನಮ್ಮ ಹುಬ್ಬಳ್ಳಿಯಲ್ಲಾಗಲಿ, ಲಾರಿ ಕೆಲಸ ಕಲಿಯಲು ಸೇರಿದವರು ಬಾನೆಟ್ ಎತ್ತಿದ ಕೂಡಲೇ ಎಂಜಿನ್ನಿನ ಹೊಗೆ ಹೊರಬೀಳುವ ಬದಿಯನ್ನು ನೋಡಿ. ಲೋಡು ಹೊತ್ತು ಏರು ಹತ್ತುವಾಗ ಡೀಸೆಲ್ ಎಂಜಿನ್ನಿನ ಹೊಗೆ 600 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಪಕ್ಕದಲ್ಲೇ ಹಾದುಹೋಗುವ ಪಿವಿಸಿ ವೈರು ತಾಳುವುದು ಸಾಮಾನ್ಯವಾಗಿ 70ರಿಂದ 105 ಡಿಗ್ರಿ. ಬೇಸಿಗೆಯ ವಿಜಯವಾಡದಲ್ಲಿ ಹೊರಗಿನ ಗಾಳಿಯೇ 45 ಡಿಗ್ರಿಯ ಹತ್ತಿರ ಹೋಗುವ ದಿನಗಳಿವೆ.

ಹೊಗೆ ಪೈಪಿಗೆ ವೈರು ತಾಗಿಲ್ಲವಲ್ಲ ಎಂದು ಸುಮ್ಮನಾಗಬೇಡಿ. ಎಂಜಿನ್ನಿನಿಂದ ಹೊಗೆ ಹೊರಬರುವ ಕಾದ ಮ್ಯಾನಿಫೋಲ್ಡಿನ ಎದುರು ಅಂಗೈ ಹಿಡಿದರೆ ಮುಟ್ಟದೆಯೂ ಚುರುಗುಟ್ಟುತ್ತದೆ, ಅದು ವಿಕಿರಣ. ವೈರನ್ನು ಬೆರಳಲ್ಲಿ ಬಗ್ಗಿಸಿ ನೋಡಿ: ಬಿಸಿ ತಿಂದ ಹೊದಿಕೆ ಗಡುಸಾಗಿ ಬಿರುಕು ಬಿಡುತ್ತದೆ. ರಬ್ಬರ್ ಹೋಸ್ ಕೂಡ ಹಾಗೆಯೇ.

ಮೊದಲ ಮದ್ದು ದೂರ. ವೈರನ್ನು ಬೇರೆ ದಾರಿಯಲ್ಲಿ ಒಯ್ದು ಕ್ಲಿಪ್ ಹಾಕಿ, ಖರ್ಚೇ ಇಲ್ಲ. ಜಾಗವಿಲ್ಲದಿದ್ದರೆ ನಡುವೆ ಹೊಳಪಿನ ಅಲ್ಯೂಮಿನಿಯಂ ತಗಡು ನಿಲ್ಲಿಸಿ. ತಗಡನ್ನು ಪೈಪಿಗೇ ಒತ್ತಿ ಕಟ್ಟಿದರೆ ಕೆಲಸ ಕೆಟ್ಟಿತು, ಅದೂ ಕಾದು ಬಿಸಿ ಸೂಸುತ್ತದೆ. ಎರಡೂ ಕಡೆ ಬೆರಳು ಆಡುವಷ್ಟು ಸಂದು ಬಿಟ್ಟರೆ ಗಾಳಿ ಹರಿದು ಬಿಸಿಯನ್ನು ಒಯ್ಯುತ್ತದೆ. ನಿಜವಾದ ರಕ್ಷಣೆ ಆ ಸಂದಿನಲ್ಲೇ ಇದೆ. ತಗಡಿಗೆ ಕಪ್ಪು ಬಣ್ಣ ಬಳಿಯಬೇಡಿ, ಮಸಿ ಹಿಡಿದರೆ ಒರೆಸಿ. ಗ್ಲಾಸ್ ಫೈಬರ್ ಕೊಳವೆಯನ್ನು ವೈರಿಗೆ ತೊಡಿಸುವುದು ಕೊನೆಯ ಹೆಜ್ಜೆ.

ಪೈಪಿಗೇ ಬಿಸಿ ತಡೆಯುವ ಪಟ್ಟಿ ಸುತ್ತುವವರಿದ್ದಾರೆ. ಸುತ್ತಬಹುದು, ಆದರೆ ಡೀಸೆಲ್ ಅಥವಾ ಆಯಿಲ್ ಸೋರುವ ಕಡೆ ಬೇಡ. ಎಣ್ಣೆ ಹೀರಿದ ಪಟ್ಟಿ ಹೊತ್ತಿಕೊಳ್ಳುತ್ತದೆ. ವಿಶಾಖಪಟ್ಟಣದ ಬಂದರಿಗೆ ಬರುವ ದೊಡ್ಡ ಹಡಗುಗಳಿಗೆ ಈ ವಿಷಯದಲ್ಲಿ ಅಂತರರಾಷ್ಟ್ರೀಯ ನಿಯಮವೇ ಇದೆ: ಇಂಧನ ಸೋರಿದರೆ ತಾಗಬಹುದಾದ ಜಾಗದಲ್ಲಿ 220 ಡಿಗ್ರಿ ಮೀರುವ ಮೇಲ್ಮೈಯನ್ನೆಲ್ಲ ಮುಚ್ಚಿರಬೇಕು. ಆ ಮುಚ್ಚಿಗೆಯ ಮೇಲೆ ಎಣ್ಣೆ ಇಂಗದ ತಗಡಿನ ಕವಚವೂ ಇರುತ್ತದೆ. ಹಡಗುಗಳಲ್ಲಿ ಬಿಸಿ ತಡೆಗೆಂದು ಹೊಸದಾಗಿ ಆಸ್ಬೆಸ್ಟಾಸ್ ಹಾಕುವುದನ್ನೂ 2011ರಿಂದ ಪೂರ್ತಿ ನಿಷೇಧಿಸಲಾಗಿದೆ. ನೀವೂ ಆಸ್ಬೆಸ್ಟಾಸ್ ಹಗ್ಗ ಸುತ್ತಬೇಡಿ. ಹಳೆಯದು ಸಿಕ್ಕರೆ ಒಣಗಿದ್ದಾಗ ಕೆರೆಯಬೇಡಿ. ಅದರ ಎಳೆಗಳು ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶದ ಕ್ಯಾನ್ಸರ್ ತರುತ್ತವೆ. ಮಕ್ಕಳೇ, ಈ ಮಾತಿನಲ್ಲಿ ರಿಯಾಯಿತಿ ಇಲ್ಲ.

ಕೆಲಸ ಮುಗಿದ ಮೇಲೆ ಗಾಡಿ ಓಡಿಸಿ ತಂದು ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಹೊಳೆಯುವ ತಗಡಿಗೆ ಹಿಡಿದರೆ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ವೈರಿನ ಹೊದಿಕೆಗೇ ಹಿಡಿಯಿರಿ, ಆಮೇಲೆ ಗಾಡಿ ಆರಿದ ಮೇಲೆ ತಗಡಿನ ಕ್ಲಾಂಪುಗಳನ್ನು ಇನ್ನೊಮ್ಮೆ ಬಿಗಿ ಮಾಡಿ.