ಕರೆಯುವ ಮಾತುಗಳನ್ನು ಕುರಿತ ಪಾಠ

ನಾಲಿಗೆಗೆ ಅಂಟಿಕೊಂಡ ಮಾತುಗಳು ಕೆಲವುಂಟು. ಆಡುವವನಿಗೆ ಅವು ಕೇಳಿಸುವದೇ ಇಲ್ಲ. ಕೇಳುವವನಿಗಾದರೋ ಅವು ಮಾತ್ರವೇ ಕೇಳಿಸುವವು. ವಾಕ್ಯ ವಾಕ್ಯಕ್ಕೂ "ತಿಳಿಯಿತೋ?" ಎಂದು ಕೇಳುವ ಬೋಧಕನನ್ನು ಯಾರು ಅರಿಯರು? (ಉಪದೇಶಿಗಳಲ್ಲಿ ಈ ರೋಗವು ಹೆಚ್ಚು.) ಇದರಿಂದ ಬೇಸರವುಂಟಾಗುವದೇ ಹೊರತು ಗಾಯವುಂಟಾಗದು, ಆದಕಾರಣ ಇದನ್ನು ಇಲ್ಲಿಗೇ ಬಿಡುವೆವು. ಒಬ್ಬರನ್ನೊಬ್ಬರು ಕರೆಯುವ ಮಾತುಗಳ ವಿಷಯವಾದರೋ ಹಾಗಲ್ಲ.

ಸಂಸೆ, ಕಳಸ ಮೊದಲಾದ ಈ ಬೆಟ್ಟಗಳಲ್ಲಿ "ಮಾರಾಯ", "ಮಾರಾಯ್ತಿ" ಎಂಬವು ಎಲ್ಲರ ಬಾಯಲ್ಲಿಯೂ ಇವೆ. "ಮಹಾರಾಯ" ಎಂಬ ಅರಸನ ಹೆಸರು ಸವೆದು ಸವೆದು ಗೆಳೆಯನ ಹೆಸರಾಯಿತು. ಘಟ್ಟದ ಕೆಳಗಣ ತುಳುವರೂ ಹೀಗೆಯೇ ಕರೆಯುತ್ತಾರೆ. ಬಯಲುಸೀಮೆಯವನಾದರೋ "ಸಾಕು ಬಿಡು ಮಹಾರಾಯ" ಎಂದು ಬೇಸತ್ತಾಗ ಅನ್ನುವವನು. ನಮ್ಮವರ ಪ್ರೀತಿಯ ಮಾತನ್ನು ಅವನು ಅಣಕವೆಂದೆಣಿಸುವದುಂಟು. ಬಡಗಣ ಜಿಲ್ಲೆಗಳಲ್ಲಿ ಹಿರಿಯರು ಗುರುತಿಲ್ಲದ ಹುಡುಗಿಯನ್ನೂ "ಯವ್ವಾ" ಎಂದು ಕರೆಯುವರು. ಕುಂದಾಪುರದ ಕಡೆಯಲ್ಲಿ ಹುಡುಗನು "ಮಾಣಿ". ಅದೇ ಮಾತು ಹೋಟೆಲಿನಲ್ಲಿ ತಿಂಡಿ ತಂದಿಡುವವನ ಹೆಸರಾಗಿಬಿಟ್ಟಿತು.

ಇನ್ನು "ಪಾಪ, ಮುಂಡೇದು" ಎಂದು ಕನಿಕರದಿಂದಲೇ ಅನ್ನುವವರನ್ನು ನೋಡಿರಿ. ಮುಂಡೆ ಎಂಬದು ತಲೆ ಬೋಳಿಸಿದ ವಿಧವೆಯನ್ನು ಹೀಯಾಳಿಸಿದ ಹೆಸರು. ಗಂಡನನ್ನು ಕಳಕೊಂಡ ಸಹೋದರಿಯು ಪಕ್ಕದಲ್ಲಿಯೇ ಚಾಪೆಯ ಮೇಲೆ ಕೂತಿರುವಾಗ ಆ ಕನಿಕರವು ಅವಳ ಕಿವಿಗೆ ಹೇಗೆ ಮುಟ್ಟೀತು?

ಎಲ್ಲಕ್ಕಿಂತಲೂ ಸೂಕ್ಷ್ಮವಾದದ್ದು "ಬಾರೋ" ಎಂಬದು. ತಾಯಿ ಮಗನಿಗೆ ಹಾಗಂದರೆ ಅದು ಮುದ್ದು. ಮೀಸೆ ಮೂಡದ ರೈಟರು ಲೈನುಮನೆಯ ಅರುವತ್ತು ವರುಷದ ಆಳಿಗೆ ಹಾಗಂದರೆ ಅದೇನು? ನಮ್ಮ ಅಜ್ಜಂದಿರನೇಕರು ಧಣಿಯ ಅಂಗಳದಲ್ಲಿ ಬದುಕಿದಷ್ಟು ಕಾಲವೂ ಏಕವಚನವನ್ನೇ ಕೇಳಿದರು. ಹೆಸರಿನ ಕೊನೆಗೆ "ಅಯ್ಯ"ವಾಗಲಿ "ಅಪ್ಪ"ವಾಗಲಿ ಹತ್ತಲು ಬಿಡದೆ ತಿಮ್ಮಯ್ಯನನ್ನು ತಿಮ್ಮನಾಗಿಯೇ ಇಟ್ಟರು. ಅವರ ಮೊಮ್ಮಕ್ಕಳು ಶಾಲೆ ಕಲಿತು ಮೇಸ್ತ್ರಿಗಳಾದ ಮೇಲೆ ತಮಿಳು ಆಳಿನ ಹೆಂಗಸನ್ನು "ಏ" ಎಂದು ಕೂಗುವದು ನಮಗೆ ಸಹಿಸಲಾರದ ಸಂಗತಿ. ಪ್ರೀತಿಯಿಂದ ಅಂದೆನೆಂದು ಅವರು ಹೇಳುವರು. ಹಾಗಾದರೆ ಅವಳೂ ಅದೇ ಪ್ರೀತಿಯಿಂದ ತಿರುಗಿ "ಏ" ಅನ್ನಬಹುದೋ?

ಮತ್ತಾಯನ ಸುವಾರ್ತೆ 5ನೇ ಅಧ್ಯಾಯದ 22ನೇ ವಚನದಲ್ಲಿ "ರಾಕ" ಎಂಬ ಬೈಗಳ ಮಾತುಂಟು. ಅದು ಅರಾಮಿಕ್ ಭಾಷೆಯದು. ತಲೆಯಲ್ಲಿ ಏನೂ ಇಲ್ಲದವನು ಎಂಬರ್ಥ. ಗ್ರೀಕಿನಲ್ಲಿ ಬರೆದ ಮಾರ್ಕನು ಅದೇ ಆಡುನುಡಿಯಿಂದ ಅಕ್ಕರೆಯ ಮಾತುಗಳನ್ನೂ ಹಾಗೆಯೇ ಉಳಿಸಿದನು. 5ನೇ ಅಧ್ಯಾಯದಲ್ಲಿ ಹನ್ನೆರಡು ವರುಷದ ಹುಡುಗಿಯನ್ನು ಎಬ್ಬಿಸುವ "ತಲಿಥಾ" ಎಂಬದು ನಮ್ಮ "ಪುಟ್ಟೀ" ಎಂಬದಕ್ಕೆ ಬಹಳ ಹತ್ತಿರ. 14ನೇ ಅಧ್ಯಾಯದ "ಅಬ್ಬಾ" ಎಂಬದು ಎಳೆಗೂಸಿನ ತೊದಲೆಂದು ಅನೇಕರು ಬೋಧಿಸುತ್ತಾರೆ. ಬೆಳೆದ ಮಕ್ಕಳೂ ಹಾಗೆ ಕರೆಯುತ್ತಿದ್ದರೆಂದು ಜೇಮ್ಸ್ ಬಾರ್ ಎಂಬ ಪಂಡಿತರು 1988ರಲ್ಲಿ ವಾದಿಸಿದರು. ನರೆತ ಮಗನೂ ಮುದಿ ತಂದೆಯನ್ನು "ಅಪ್ಪಾ" ಎಂದು ಕರೆಯುವ ನಮ್ಮ ಸೀಮೆಯವರಿಗೆ ಇದು ಕಷ್ಟವಿಲ್ಲದೆ ತಿಳಿಯುವದು.

ಮುಂದಿನ ಕೂಟಕ್ಕೆ ಬರುವಾಗ ಪ್ರತಿಯೊಬ್ಬರೂ ತಮ್ಮ ಲೈನಿನಲ್ಲಾಗಲಿ ಕೇರಿಯಲ್ಲಾಗಲಿ ಬಳಕೆಯಲ್ಲಿರುವ ಮೂರು ಕರೆಯುವ ಮಾತುಗಳನ್ನು ಬರೆದು ತರತಕ್ಕದ್ದು. ಯಾರು ಯಾರನ್ನು ಹಾಗೆ ಕರೆಯುವರೆಂಬದನ್ನೂ, ತಿರುಗಿ ಏನೆಂದು ಕರೆಸಿಕೊಳ್ಳುವರೆಂಬದನ್ನೂ ಬರೆಯಬೇಕು. ಓದು ಬಾರದ ಅಜ್ಜಿಯರು ಬಾಯಿಂದಲೇ ಹೇಳಲಿ. ಅವರ ಪಟ್ಟಿಯೇ ಎಲ್ಲಕ್ಕಿಂತ ಉದ್ದವಾಗುವದೆಂದು ನಮಗೆ ತೋರುತ್ತದೆ.