ಗುಮ್ಮಟವಿಲ್ಲದ ಮಸೀದಿ: ಢಾಕಾದ ಬೈತುರ್ ರವೂಫ್ ಮಸೀದಿಯ ವಾಸ್ತುವನ್ನು ಕುರಿತು

ಮಸೀದಿ ಎಂಬ ಪದದೊಡನೆ ನಮ್ಮಲ್ಲಿ ಬಹುತೇಕರ ಮನಸ್ಸಿನಲ್ಲಿ ಮೂಡುವುದು ಗುಮ್ಮಟ ಮತ್ತು ಮಿನಾರುಗಳ ಚಿತ್ರ. ಊರಿನ ಚಿತ್ರಣ ಬರುವ ಕನ್ನಡದ ಕಥನಗಳಲ್ಲಿಯೂ ಮಸೀದಿಯು ಹೆಚ್ಚಾಗಿ ದೂರದಿಂದ ಕಾಣುವ ಈ ಎರಡು ಗುರುತುಗಳ ಮೂಲಕವೇ ಪ್ರವೇಶ ಪಡೆಯುತ್ತದೆ. ಆದರೆ ಪದದ ಅರ್ಥವನ್ನು ಹಿಡಿದು ಹೊರಟರೆ ಮಸ್ಜಿದ್ ಎಂದರೆ ಹಣೆಯನ್ನು ನೆಲಕ್ಕೆ ಹಚ್ಚಿ ಎರಗುವ ತಾಣ, ಅಷ್ಟೆ. ಈ ಅರ್ಥದಲ್ಲಿ ನೆಲವಿದೆ, ಎರಗುವ ದೇಹವಿದೆ, ಗುಮ್ಮಟವಿಲ್ಲ. ಮದೀನಾದಲ್ಲಿ ಪ್ರವಾದಿಯವರ ಕಾಲದಲ್ಲಿ ನಿರ್ಮಾಣವಾದ ಮಸೀದಿಗೆ ಮಣ್ಣಿನ ಇಟ್ಟಿಗೆಯ ಗೋಡೆ, ಖರ್ಜೂರದ ಕಾಂಡದ ಕಂಬ, ಅದರ ಗರಿಗಳ ಹೊದಿಕೆ ಇದ್ದವು. ಮಿನಾರು ಮಸೀದಿಯ ಅಂಗವಾದುದು ಅನಂತರದ ಕಾಲದಲ್ಲಿ. ಇತ್ತ ನಮ್ಮ ನಾಡಿನ ಅತ್ಯಂತ ಪ್ರಸಿದ್ಧ ಗುಮ್ಮಟವಾದ ವಿಜಯಪುರದ ಗೋಳಗುಮ್ಮಟವು ಮಹಮ್ಮದ್ ಆದಿಲ್ ಶಾಹನ ಸಮಾಧಿಯೇ ಹೊರತು ಮಸೀದಿಯಲ್ಲ. ಅಂದರೆ ಗುರುತು ಮತ್ತು ವಸ್ತುವಿನ ಸಂಬಂಧ ನಾವು ಭಾವಿಸಿರುವಷ್ಟು ಗಟ್ಟಿಯಾದುದಲ್ಲ. ಗುರುತುಗಳನ್ನು ಕಳಚಿದ ಮೇಲೆ ಮಸೀದಿಯಲ್ಲಿ ಏನು ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಸಮಕಾಲೀನ ಕಟ್ಟಡವೊಂದರ ಮುಖೇನ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕಟ್ಟಡವನ್ನು ನಕ್ಷೆ ಹಾಗೂ ಛಾಯಾಚಿತ್ರಗಳ ಮೂಲಕ ಮಾತ್ರ ಓದಿರುವ ಮಿತಿ ಈ ಬರಹಕ್ಕಿದೆ.

ಢಾಕಾ ನಗರದ ಉತ್ತರದ ಅಂಚಿನಲ್ಲಿ, ಕಿಕ್ಕಿರಿದ ಜನವಸತಿಯ ಫೈದಾಬಾದ್ ಪ್ರದೇಶದಲ್ಲಿ ಬೈತುರ್ ರವೂಫ್ ಮಸೀದಿಯಿದೆ. ಇದರ ವಾಸ್ತುಶಿಲ್ಪಿ ಮರೀನಾ ತಬಸ್ಸುಮ್. ನಿವೇಶನವನ್ನು ದಾನವಾಗಿ ನೀಡಿದವರು ಅವರ ಅಜ್ಜಿ ಸೂಫಿಯಾ ಖಾತೂನ್. ಮೊಮ್ಮಗಳಿಗೆ ಮಸೀದಿಯ ವಿನ್ಯಾಸವನ್ನು ಒಪ್ಪಿಸಿದ ಈ ಹಿರಿಯರು ಕಟ್ಟಡ ಮೇಲೇಳುವ ಮುನ್ನವೇ ತೀರಿಕೊಂಡರು. ಸ್ಥಳೀಯ ಜನರ ವಂತಿಗೆಯ ನೆರವಿನಿಂದ ಕೆಲಸ ಸಾಗಿ 2012ರಲ್ಲಿ ಪೂರ್ಣಗೊಂಡಿತು. 2016ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಗೆ ಪಾತ್ರವಾದ ಆರು ನಿರ್ಮಿತಿಗಳಲ್ಲಿ ಇದೂ ಒಂದು.

ಕಟ್ಟಡದ ಮೂಲತತ್ತ್ವವು ಒಂದು ತೊಡಕಿನಿಂದ ಹುಟ್ಟಿದೆ. ನಿವೇಶನದ ಅಕ್ಷಕ್ಕೂ ಕಿಬ್ಲಾಕ್ಕೂ, ಅಂದರೆ ಪ್ರಾರ್ಥಿಸುವವರು ಮುಖಮಾಡಬೇಕಾದ ಮಕ್ಕಾದ ದಿಕ್ಕಿಗೂ, ಸುಮಾರು 13 ಡಿಗ್ರಿಗಳ ವ್ಯತ್ಯಾಸವಿತ್ತು. ಬೀದಿಗೆ ಹೊಂದಿಕೊಂಡರೆ ಪ್ರಾರ್ಥನೆಯ ದಿಕ್ಕು ತಪ್ಪುತ್ತದೆ. ದಿಕ್ಕಿಗೆ ಹೊಂದಿಕೊಂಡರೆ ಕಟ್ಟಡ ಬೀದಿಗೆ ಓರೆಯಾಗಿ ನಿಲ್ಲುತ್ತದೆ. ಇಂಥ ಕಡೆ ಸಾಮಾನ್ಯವಾಗಿ ಮಾಡುವುದೆಂದರೆ ಒಳಗಿನ ಜಮಖಾನೆಯನ್ನು ಓರೆಯಾಗಿ ಹಾಸಿ ಸಾಲುಗಳನ್ನು ತಿರುಗಿಸುವುದು. ತಬಸ್ಸುಮ್ ಅವರು ಬೀದಿಗೆ ಅನುಗುಣವಾಗಿ ಒಂದು ಚೌಕವನ್ನಿಟ್ಟು, ಅದರೊಳಗೆ ಒಂದು ವೃತ್ತವನ್ನು ಸೇರಿಸಿ, ಆ ವೃತ್ತದೊಳಗೆ ಕಿಬ್ಲಾದತ್ತ ತಿರುಗಿಸಿದ ಪ್ರಾರ್ಥನಾ ಮಂಟಪವನ್ನು ನಿಲ್ಲಿಸಿದರು. ವೃತ್ತಕ್ಕೆ ದಿಕ್ಕೆಂಬುದಿಲ್ಲವಾದ್ದರಿಂದ ಅದರೊಳಗಿನ ಚೌಕವು ಎತ್ತ ತಿರುಗಿದರೂ ಅಸಂಗತವೆನಿಸುವುದಿಲ್ಲ. ಹೊರಚೌಕ ಮತ್ತು ವೃತ್ತದ ನಡುವೆ ಉಳಿದ ಎಡೆಯಲ್ಲಿ ವುಜೂ ಮಾಡುವ ಸ್ಥಳ ಮೊದಲಾದ ಪೂರಕ ಅಂಗಗಳು ಸೇರಿಕೊಂಡವು. ವೃತ್ತ ಮತ್ತು ಮಂಟಪದ ನಡುವೆ ನಾಲ್ಕು ಕಡೆ ಆಕಾಶಕ್ಕೆ ತೆರೆದ ಬೆಳಕಿನ ಅಂಗಳಗಳು ಏರ್ಪಟ್ಟವು. ಹೀಗೆ ತೊಡಕೇ ಕಟ್ಟಡದ ವ್ಯಾಕರಣವಾಯಿತು.

ಇದೇ ನಗರದಲ್ಲಿ ಈ ಬಗೆಗೊಂದು ಪೂರ್ವನಿದರ್ಶನವಿದೆ. ಲೂಯಿ ಕಾನ್ ವಿನ್ಯಾಸಗೊಳಿಸಿದ, 1982ರಲ್ಲಿ ಪೂರ್ಣಗೊಂಡ ಸಂಸತ್ ಭವನದಲ್ಲಿ ಪ್ರಾರ್ಥನಾ ಕೊಠಡಿಯೊಂದು ಮಾತ್ರ ಕಟ್ಟಡದ ಅಕ್ಷದಿಂದ ತುಸು ಹೊರಳಿದೆ. ಅಲ್ಲಿ ಆ ಹೊರಳುವಿಕೆ ಹೊರಗಿನಿಂದಲೇ ಕಾಣುತ್ತದೆ. ಇಲ್ಲಿ ಅದು ಒಳಗೆ ಅಡಗಿದೆ. ಒಂದು ಪ್ರಭುತ್ವದ ಭವನ, ಇನ್ನೊಂದು ಮೊಹಲ್ಲಾದ ಮಸೀದಿ ಎಂಬ ಭೇದವನ್ನು ಇಲ್ಲಿ ನೆನೆಯಬಹುದು.

ಸಾಂಪ್ರದಾಯಿಕ ಮಸೀದಿಯಲ್ಲಿ ಕಿಬ್ಲಾದ ಗೋಡೆಯನ್ನು ಗುರುತಿಸುವುದು ಮಿಹ್ರಾಬ್ ಎಂಬ ಅಲಂಕೃತ ಗೂಡು. ಬೈತುರ್ ರವೂಫ್‌ನಲ್ಲಿ ಆ ಸ್ಥಾನದಲ್ಲಿರುವುದು ಇಟ್ಟಿಗೆ ಗೋಡೆಯ ಒಂದು ಲಂಬವಾದ ಸೀಳು. ಹೊರಗೆ ನಡೆದಾಡುವವರು ಪ್ರಾರ್ಥಿಸುವವರ ಕಣ್ಣಿಗೆ ಬೀಳದಂತೆ ಅದನ್ನು ಓರೆಯಾಗಿ ತೆರೆಯಲಾಗಿದೆ, ಬೆಳಕಷ್ಟೇ ಒಳಬರುತ್ತದೆ. ಮಂಟಪದ ಚಾವಣಿಯಲ್ಲಿ ಅಲ್ಲಲ್ಲಿ ಬಿಟ್ಟಿರುವ ದುಂಡು ರಂಧ್ರಗಳಿಂದ ಬೀಳುವ ಬಿಸಿಲಿನ ಬಿಲ್ಲೆಗಳು ದಿನವಿಡೀ ನೆಲದ ಮೇಲೆ ಸರಿಯುತ್ತವೆ. ನಮಾಜಿನ ವೇಳೆಗಳು ಸೂರ್ಯನ ಚಲನೆಯನ್ನು ಅವಲಂಬಿಸಿರುವುದರಿಂದ ಇದನ್ನು ಬರಿಯ ಅಲಂಕಾರವೆಂದು ಬದಿಗಿಡಲಾಗದು. ಗೋಡೆಗಳಲ್ಲಿ ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಮಾಡಿದ ಜಾಲಂಧ್ರಗಳ ಮೂಲಕ ಗಾಳಿಯಾಡುತ್ತದೆ. ಬೇಲೂರಿನ ಜಾಲಂಧ್ರಗಳನ್ನು ಕಂಡವರಿಗೆ ಈ ತತ್ತ್ವ ಹೊಸದಲ್ಲ. ಅಲ್ಲಿ ಕಲ್ಲನ್ನು ಕೊರೆದದ್ದು, ಇಲ್ಲಿ ಇಟ್ಟಿಗೆಯನ್ನು ಇಡದೆ ಬಿಟ್ಟದ್ದು.

ಇಟ್ಟಿಗೆಯ ಆಯ್ಕೆಗೂ ಚರಿತ್ರೆಯಿದೆ. ನದಿಗಳ ಮೆಕ್ಕಲಿನಿಂದಾದ ಬಂಗಾಳದ ಬಯಲಿನಲ್ಲಿ ಕಲ್ಲು ದುರ್ಲಭ. ಆದ್ದರಿಂದ ಸುಲ್ತಾನರ ಕಾಲದ ಮಸೀದಿಗಳು ಇಟ್ಟಿಗೆ ಮತ್ತು ಸುಟ್ಟಮಣ್ಣಿನ ಫಲಕಗಳಲ್ಲಿ ರೂಪುಗೊಂಡವು. 15ನೆಯ ಶತಮಾನದ, ಬಾಗೇರ್‌ಹಾಟ್‌ನ 'ಅರವತ್ತು ಗುಮ್ಮಟಗಳ ಮಸೀದಿ' ಇವುಗಳಲ್ಲಿ ಹೆಸರಾದುದು. (ಹೆಸರು ಅರವತ್ತಾದರೂ ಮೂಲೆಯ ಗೋಪುರಗಳವನ್ನೂ ಸೇರಿಸಿದರೆ ಅಲ್ಲಿರುವ ಗುಮ್ಮಟಗಳು 81, ಅರವತ್ತಿರುವುದು ಒಳಗಿನ ಕಂಬಗಳು.) ತಬಸ್ಸುಮ್ ಈ ಪರಂಪರೆಯಿಂದ ಗುಮ್ಮಟವನ್ನು ಬಿಟ್ಟು ಇಟ್ಟಿಗೆಯನ್ನು ಸ್ವೀಕರಿಸಿದರು. ಪರಂಪರೆಯೊಡನೆ ವ್ಯವಹರಿಸುವಾಗ ಆಕೃತಿಯನ್ನು ಉಳಿಸಿಕೊಂಡು ದ್ರವ್ಯವನ್ನು ಬದಲಿಸುವುದು ಸುಲಭದ ದಾರಿ. ಕಾಂಕ್ರೀಟಿನಲ್ಲಿ ಎರಕಹೊಯ್ದ ಗುಮ್ಮಟಗಳು ಅದಕ್ಕೆ ಸಾಕ್ಷಿ. ಇಲ್ಲಿ ನಡೆದಿರುವುದು ಅದರ ವಿಪರ್ಯಾಸ.

ಹಾಗೆಂದು ಗುಮ್ಮಟವಿಲ್ಲದಿರುವುದೇ ಹಿರಿಮೆ ಎಂದು ಹೊಗಳುವುದು ಇನ್ನೊಂದು ಬಗೆಯ ಪೂರ್ವಗ್ರಹವಾದೀತು. ಗುಮ್ಮಟವನ್ನು ಬಯಸುವ ಸಮುದಾಯಕ್ಕೆ ಅಭಿರುಚಿಯಿಲ್ಲವೆಂದು ತೀರ್ಪು ನೀಡುವ ಅಧಿಕಾರ ವಿದ್ವಾಂಸರಿಗಿಲ್ಲ. ಅಲ್ಪಸಂಖ್ಯಾತ ಸಮುದಾಯವೊಂದಕ್ಕೆ ದೂರದಿಂದ ಕಾಣುವ ಗುರುತು ತನ್ನ ಇರುವಿಕೆಯ ಘೋಷಣೆಯೂ ಆಗಿರುತ್ತದೆ. ಮುಸ್ಲಿಮರೇ ಬಹುಸಂಖ್ಯಾತರಾಗಿರುವ ಢಾಕಾದಲ್ಲಿ ಗುರುತನ್ನು ಬಿಟ್ಟುಕೊಡುವುದೂ ನಮ್ಮ ಕರಾವಳಿಯಲ್ಲಿ ಬಿಟ್ಟುಕೊಡುವುದೂ ಒಂದೇ ಅಲ್ಲ. ಕರಾವಳಿಯ ಹಳೆಯ ಮಸೀದಿಗಳು ಮರದ ಕಂಬ, ಇಳಿಜಾರು ಮಾಡುಗಳಿಂದ ಅಲ್ಲಿನ ಮನೆ, ಗುಡಿ, ಬಸದಿಗಳ ಬಡಗಿತನವನ್ನೇ ಹಂಚಿಕೊಂಡವು. 2022ರಲ್ಲಿ ಮಂಗಳೂರಿನ ಬಳಿಯ ಮಳಲಿಯ ಮಸೀದಿಯನ್ನು ನವೀಕರಿಸುವಾಗ ಕಂಡ ಮರದ ರಚನೆ ಗುಡಿಯನ್ನು ಹೋಲುತ್ತದೆಂಬ ವಾದವೆದ್ದು ವಿಷಯ ನ್ಯಾಯಾಲಯಕ್ಕೆ ಹೋಯಿತು. ಆ ವ್ಯಾಜ್ಯದ ನಿರ್ಣಯ ಈ ಲೇಖನದ ವ್ಯಾಪ್ತಿಗೆ ಸೇರಿದ್ದಲ್ಲ. ಆದರೆ ಮಸೀದಿ ಹೀಗೆಯೇ ಇರಬೇಕೆಂಬ ಒಂದೇ ಚಿತ್ರ ಮನಸ್ಸಿನಲ್ಲಿ ನೆಲೆಯೂರಿದಾಗ, ಸ್ಥಳೀಯ ಬಡಗಿಗಳ ಹಂಚಿಕೆಯ ಕಸುಬನ್ನು ಓದುವ ಭಾಷೆಯೇ ನಮ್ಮ ಕೈತಪ್ಪುತ್ತದೆ ಎಂಬುದನ್ನು ಸಂಶೋಧಕರು ಗಮನಿಸಬೇಕಿದೆ.

ಬೈತುರ್ ರವೂಫ್ ಎತ್ತರಿಸಿದ ಕಟ್ಟೆಯ ಮೇಲಿದೆ. ನಮಾಜಿಲ್ಲದ ಹೊತ್ತಿನಲ್ಲಿ ಅಲ್ಲಿ ಮಕ್ಕಳು ಆಡುತ್ತಾರೆ, ಹಿರಿಯರು ಕುಳಿತು ಮಾತನಾಡುತ್ತಾರೆ. ವಾಸ್ತುಶಾಸ್ತ್ರದ ಪರಿಭಾಷೆಯಲ್ಲಿ ಇದು ಅಧಿಷ್ಠಾನ. ಕನ್ನಡದ ಬಳಕೆಯಲ್ಲಿ ಜಗಲಿ. ಎರಡನೆಯ ಪದವೇ ಹೆಚ್ಚು ನಿಖರವೆಂದು ನನ್ನ ಅಭಿಪ್ರಾಯ. ಏಕೆಂದರೆ ಜಗಲಿಯ ಮೇಲೆ ಕೂರಲು ಯಾರನ್ನೂ ಕರೆಯಬೇಕಾಗಿಲ್ಲ.

ಯಾರನ್ನೂ ಎಂಬ ಮಾತಿಗೆ ಮಿತಿಯೊಂದಿದೆ. ನಿವೇಶನ ಕೊಟ್ಟವರು ಹೆಣ್ಣು, ನಕ್ಷೆ ಬರೆದವರು ಹೆಣ್ಣು. ಆದರೆ ಉಪಖಂಡದ ಬಹುಪಾಲು ಮೊಹಲ್ಲಾ ಮಸೀದಿಗಳಲ್ಲಿ ಸಾಮೂಹಿಕ ನಮಾಜಿಗೆ ಹೆಂಗಸರು ಹೋಗುವ ರೂಢಿಯಿಲ್ಲ. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯಲ್ಲಿ ಗಂಡನಿಂದ ಪರಿತ್ಯಕ್ತಳಾದ ಹೆಣ್ಣು ನ್ಯಾಯ ಕೇಳಲು ಮಕ್ಕಳೊಡನೆ ಬಂದು ಕೂರುವುದು ಮಸೀದಿಯಲ್ಲಿ. ಮುತವಲ್ಲಿಗೆ ಅವಳ ಅಹವಾಲಿನಷ್ಟೇ ಅವಳು ಕುಳಿತಿರುವ ಜಾಗವೂ ಇರಿಸುಮುರಿಸಿನದು. ಗಿರೀಶ್ ಕಾಸರವಳ್ಳಿಯವರ 'ಹಸೀನಾ' ಚಿತ್ರಕ್ಕೆ ಆಧಾರವಾದ ಈ ಕಥೆಯನ್ನು ನಾವು ಈವರೆಗೆ ಸ್ತ್ರೀವಾದಿ ನೆಲೆಯಲ್ಲಿ ಓದಿದ್ದೇವೆ. ಅಂಗಳ, ಮೆಟ್ಟಿಲು, ಹೊಸ್ತಿಲುಗಳ ಕಥೆಯಾಗಿ ಅದನ್ನು ಓದುವುದು ಇನ್ನೂ ಬಾಕಿಯಿದೆ.