ರಾಮನ ಲೋಕ ಸೊಗಸು, ಜನರೇಕೆ ಸಪ್ಪೆ?

ಪ್ರಶ್ನೆ: ಆರ್ಥರ್ ಸಿ. ಕ್ಲಾರ್ಕ್ ಅವರ ‘ರಾಂಡೆವೂ ವಿತ್ ರಾಮಾ’ ಕಾದಂಬರಿಯನ್ನು ಅರ್ಧ ಓದಿದ್ದೇನೆ. ಅನ್ಯಲೋಕದ ಆ ನೌಕೆ ಕಣ್ಣಿಗೆ ಕಟ್ಟಿದಂತಿದೆ. ಆದರೆ ಅದರೊಳಗೆ ಓಡಾಡುವವರಲ್ಲಿ ಒಬ್ಬರೂ ಮನಸ್ಸಿಗೆ ಹತ್ತುತ್ತಿಲ್ಲ. ‘ಕರ್ವಾಲೋ’ ಕಾದಂಬರಿ ಓದಿ ಎಷ್ಟೋ ಕಾಲವಾದರೂ ಅದರ ಮಂದಣ್ಣನನ್ನು ಮರೆತಿಲ್ಲ. ಇಷ್ಟು ಹೆಸರಾದ ಪುಸ್ತಕದಲ್ಲಿ ಹೀಗೇಕೆ? ಮುಂದೆ ಓದಲೋ, ಬಿಡಲೋ?

ಉತ್ತರ: ನಿಮಗೆ ಅನ್ನಿಸಿದ್ದು ಸರಿಯಾಗಿಯೇ ಇದೆ. 1973ರ ಈ ಕಾದಂಬರಿಗೆ ಹ್ಯೂಗೊ, ನೆಬ್ಯುಲಾ ಪ್ರಶಸ್ತಿಗಳೆರಡೂ ಬಂದವು. ಅದನ್ನು ಮೆಚ್ಚುವವರಲ್ಲೂ ಅನೇಕರು ಪಾತ್ರಗಳ ವಿಷಯದಲ್ಲಿ ನಿಮ್ಮ ಮಾತನ್ನೇ ಆಡುತ್ತಾರೆ.

ಕ್ಲಾರ್ಕ್ ಕಟ್ಟಿದ ಲೋಕದ ಗಟ್ಟಿತನ ಎಲ್ಲಿದೆ ನೋಡಿ. ಕಥೆ ನಡೆಯುವುದು 22ನೇ ಶತಮಾನದಲ್ಲಿ. ಗ್ರೀಕ್, ರೋಮನ್ ದೇವತೆಗಳ ಹೆಸರುಗಳೆಲ್ಲ ಆಕಾಶಕಾಯಗಳಿಗೆ ಖರ್ಚಾಗಿ, ಖಗೋಳಜ್ಞರು ಹಿಂದೂ ದೇವರುಗಳತ್ತ ತಿರುಗಿದ್ದಾರೆ. ಹಾಗಾಗಿ ಈ ನೌಕೆಗೆ ‘ರಾಮ’ ಎಂಬ ಹೆಸರು. 50 ಕಿ.ಮೀ. ಉದ್ದ, 20 ಕಿ.ಮೀ. ವ್ಯಾಸದ ಪೊಳ್ಳು ಉರುಳೆ, ನಾಲ್ಕು ನಿಮಿಷಕ್ಕೊಂದು ಸುತ್ತು. ಆ ಸುತ್ತಿನಿಂದಲೇ ಒಳಗೋಡೆ ನೆಲವಾಗುತ್ತದೆ. ನಡುವೆ ಬಳೆಯಂತೆ ಸುತ್ತುವರಿದ ಸಮುದ್ರ. ಅದರ ಉತ್ತರ ದಡ 50 ಮೀಟರ್ ಎತ್ತರ, ದಕ್ಷಿಣದ್ದು 500 ಮೀಟರ್. ಈ ವ್ಯತ್ಯಾಸ ಸುಮ್ಮನೆ ಇಟ್ಟದ್ದಲ್ಲ. ಬಸ್ಸು ಹೊರಟಾಗ ಕೊಡದ ನೀರು ಹಿಂದಕ್ಕೆ ತುಳುಕುವಂತೆ, ನೌಕೆ ವೇಗ ಹೆಚ್ಚಿಸಿಕೊಂಡಾಗ ಸಮುದ್ರ ದಕ್ಷಿಣಕ್ಕೆ ಏರುತ್ತದೆ; ಅದನ್ನು ತಡೆಯಲೆಂದೇ ಆ ದಡ ಅಷ್ಟು ಎತ್ತರ. ಅಂದರೆ ಸತ್ತಂತಿರುವ ಈ ನೌಕೆ ತನ್ನದೇ ಬಲದಿಂದ ಚಲಿಸಬಲ್ಲದು! ಒಂದು ದಡದ ಎತ್ತರದಲ್ಲೇ ಇಷ್ಟು ಕಥೆ ಅಡಗಿದೆ.

ಈಗ ಮನುಷ್ಯರ ಕಡೆ ಬನ್ನಿ. ಆ ದಡದ ಗುಟ್ಟನ್ನು ರಾಮನೊಳಗೆ ಹೊಕ್ಕ ತಂಡದ ಕಮಾಂಡರ್ ನಾರ್ಟನ್ ಬಿಡಿಸಲಿ, ಮತ್ತೊಬ್ಬರು ಬಿಡಿಸಲಿ, ಮಾತಿನ ಧಾಟಿ ಬದಲಾಗುವುದಿಲ್ಲ. ಎಲ್ಲರೂ ಜಾಣರು, ಶಾಂತರು, ಕೆಲಸ ಬಲ್ಲವರು. ನಾರ್ಟನ್‌ಗೆ ಭೂಮಿಯಲ್ಲೊಬ್ಬಳು, ಮಂಗಳನಲ್ಲೊಬ್ಬಳು ಹೆಂಡತಿ. ಬೇರೆ ಲೇಖಕರ ಕೈಯಲ್ಲಿ ಒಂದು ಕಾದಂಬರಿಗಾಗುವಷ್ಟು ಸರಕು. ಇಲ್ಲಿ ಅದರಿಂದ ಅವನ ಒಂದು ತೀರ್ಮಾನವೂ ಬದಲಾಗುವುದಿಲ್ಲ. ತೊಂದರೆಯ ಬೇರು ಇದೇ. ಹಿನ್ನೆಲೆ ಎಷ್ಟೇ ವಿವರವಾಗಿರಲಿ, ಅದು ನಡೆಯಲ್ಲಿ ಕಾಣದಿದ್ದರೆ ಪಾತ್ರಕ್ಕೆ ಜೀವ ಬರುವುದಿಲ್ಲ. ಮಂದಣ್ಣ ಉಳಿದದ್ದು ಹೀಗೇ: ಅವನು ಮಾಡಿದ್ದನ್ನು ಅವನ ಹಾಗೆ ಬೇರೆ ಯಾರೂ ಮಾಡಲಾರರು.

ಕ್ಲಾರ್ಕ್‌ಗೆ ಇದು ಗೊತ್ತಿರಲಿಲ್ಲವೆಂದಲ್ಲ. ಕಥಾನಾಯಕ ರಾಮನೇ, ಮನುಷ್ಯರು ಅದರ ಮುಂದೆ ಇಟ್ಟ ಅಳತೆಗೋಲುಗಳು. ಅವರ ಮನೆಜಗಳ ಜೋರಾದರೆ ಆ ಅಗಾಧ ಮೌನ ಕೆಡುತ್ತದೆ. ಮುಂದೆ ಜೆಂಟ್ರಿ ಲೀ ಜೊತೆ ಸೇರಿ 1989, 1991, 1993ರಲ್ಲಿ ತಂದ ಮೂರು ಉತ್ತರಭಾಗಗಳಲ್ಲಿ ಸಂಸಾರ, ಪ್ರೀತಿ, ಪಿತೂರಿ ಎಲ್ಲ ಧಾರಾಳವಾಗಿವೆ. ಆದರೂ ಮೊದಲನೆಯದರ ಬೆರಗು ಅವುಗಳಲ್ಲಿಲ್ಲ. ಮನುಷ್ಯರನ್ನು ಹೆಚ್ಚಿಸಿದ ಮಾತ್ರಕ್ಕೆ ಕೊರತೆ ತುಂಬುವುದಿಲ್ಲ.

ಹಾಗೆಂದು ಉದ್ದೇಶಪೂರ್ವಕ ಎಂದೊಡನೆ ದೋಷ ಗುಣವಾಗುವುದೂ ಇಲ್ಲ. ಅದಕ್ಕೆ ಸಾಕ್ಷಿ ಇದೇ ಕಾದಂಬರಿಯಲ್ಲಿದೆ. ಸೈಕಲ್ಲಿನಂತೆ ತುಳಿಯುವ ಪುಟ್ಟ ವಿಮಾನದಲ್ಲಿ ತಂಡದ ಜಿಮ್ಮಿ ಪಾಕ್ ಒಬ್ಬನೇ ಸಮುದ್ರ ದಾಟಿ ದಕ್ಷಿಣಕ್ಕೆ ಹಾರುವ ಭಾಗದಲ್ಲಿ ಅವನ ಹುಮ್ಮಸ್ಸೂ ಭಯವೂ ನಮಗೆ ತಟ್ಟುತ್ತವೆ. ಕೊನೆಯ ಭಾಗದಲ್ಲಿ ತಂಡದ ಇನ್ನೊಬ್ಬ, ಬೋರಿಸ್ ರೊಡ್ರಿಗೊ, ತನ್ನ ಧಾರ್ಮಿಕ ನಂಬಿಕೆಯಿಂದಾಗಿಯೇ ಒಂದು ಗಟ್ಟಿ ನಿಲುವು ತಳೆಯುತ್ತಾನೆ. ಅದೇನೆಂದು ಹೇಳಿ ನಿಮ್ಮ ಓದು ಕೆಡಿಸುವುದಿಲ್ಲ. ಈ ಎರಡೂ ಕಡೆ ರಾಮನ ಬೆರಗು ಎಳ್ಳಷ್ಟೂ ಕುಗ್ಗಿಲ್ಲ. ಲೋಕವೂ ಮನುಷ್ಯನೂ ಒಟ್ಟಿಗೆ ಬದುಕಬಲ್ಲರು ಎಂದಾಯಿತು.

ಆದ್ದರಿಂದ ಬಿಡಬೇಡಿ. ಕಾದಂಬರಿಯೆಂದು ಓದುವುದಕ್ಕಿಂತ ಪ್ರವಾಸಕಥನವೆಂದು ಓದಿ. ಜಿಮ್ಮಿಯ ಹಾರಾಟ ಮುಗಿದ ಮೇಲೂ ಸಪ್ಪೆ ಎನಿಸಿದರೆ ಧಾರಾಳವಾಗಿ ಮುಚ್ಚಿಡಿ. ಪ್ರಶಸ್ತಿಗಳ ಮುಲಾಜು ಓದುಗರಿಗೆ ಬೇಕಿಲ್ಲ.